ಹಸಿ ನಾಡಿನಲ್ಲಿ ದೋಣಿಯ ಚಳಿಗಾಲ

ಬಳಸುವ ಕಾಲದಲ್ಲಿ ವಸ್ತುವನ್ನು ಜೋಪಾನ ಮಾಡುವವರು ಬಹಳ ಮಂದಿ. ಬಳಸದ ಕಾಲದಲ್ಲಿ ಅದರ ಕಡೆ ಕಣ್ಣು ಹಾಯಿಸುವವರು ವಿರಳ. ಬಿತ್ತನೆಯ ದಿನಗಳಲ್ಲಿ ಕೂರಿಗೆಯನ್ನು ಯಾವ ರೈತನೂ ಮರೆಯುವುದಿಲ್ಲ. ಬಿತ್ತನೆ ಮುಗಿದ ಮೇಲೆ ಅದನ್ನು ತೊಳೆದು, ಒರೆಸಿ, ಹನಿ ತಾಗದ ಕಡೆ ಎತ್ತಿಡುವ ಮನೆಯಲ್ಲಿ ಮಾತ್ರ ಅದು ಎರಡು ತಲೆಮಾರು ಬಾಳುತ್ತದೆ. ಮಿರಗ ಮಳೆ ಹಿಡಿಯುವ ಮುನ್ನ ನಮ್ಮ ಹಿರಿಯರ ಮನೆಗಳಲ್ಲಿ ನಡೆಯುತ್ತಿದ್ದ ಸಿದ್ಧತೆಗಳನ್ನು ನೆನೆದರೆ ಈ ಮಾತು ಮನದಟ್ಟಾಗುತ್ತದೆ. ಮಾಳಿಗೆಯ ಮಣ್ಣು ಸರಿಪಡಿಸುವುದು, ಕುಳ್ಳು ಕಟ್ಟಿಗೆಗಳನ್ನು ಒಳಗೆ ಸೇರಿಸುವುದು, ಬಣವೆಗೆ ಹೊದಿಕೆ ಹೊಚ್ಚುವುದು, ಬೀಜದ ಕಾಳಿಗೆ ಬೂದಿ ಬೆರೆಸಿ ಗಡಿಗೆಗೆ ತುಂಬುವುದು, ಇವೆಲ್ಲ ಮುಂದಿನ ವರ್ಷದ ಅನ್ನವನ್ನು ಕಾಯುವ ಕೆಲಸಗಳಾಗಿದ್ದವು.

ನಾನು ಹೇಳಹೊರಟಿರುವುದು ಅಂಥದೇ ಜೋಪಾನದ ಸಂಗತಿ. ನಾಡು ಮಾತ್ರ ಬೇರೆ, ವಸ್ತುವೂ ಬೇರೆ. ಉದ್ಯೋಗ ನಿಮಿತ್ತ ಹಾವೇರಿ ಸೀಮೆಯನ್ನು ಬಿಟ್ಟು ಬಂದ ನಮ್ಮ ಸಂಸಾರ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರಕ್ಕೆ ಒಂದು ಗಂಟೆ ದೂರದ ಊರಿನಲ್ಲಿ ನೆಲೆಸಿ ಎರಡು ದಶಕಗಳು ಸಂದಿವೆ. ಶಾಂತ ಸಾಗರದ ನೀರು ಇಲ್ಲಿ ಬೆಟ್ಟಗಳ ನಡುವೆ ಒಳನಾಡಿನವರೆಗೂ ಚಾಚಿಕೊಂಡಿದೆ. 1792ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತನ್ನ ಅಧಿಕಾರಿಗಳಲ್ಲೊಬ್ಬನಾದ ಪೀಟರ್ ಪ್ಯೂಜೆಟ್‌ನ ಹೆಸರನ್ನು ಇದಕ್ಕೆ ಇಟ್ಟನು. ಅಂದಿನಿಂದ ಇದು ಪ್ಯೂಜೆಟ್ ಸೌಂಡ್ ಎಂದು ಪ್ರಸಿದ್ಧವಾಗಿದೆ. ದ್ವೀಪಗಳೂ ಕೊಲ್ಲಿಗಳೂ ತುಂಬಿದ ಈ ಪ್ರದೇಶದಲ್ಲಿ ದೋಣಿಯು ಸಿರಿವಂತರ ಸೊತ್ತೇನಲ್ಲ. ಸಾಧಾರಣ ಗೃಹಸ್ಥರ ಅಂಗಳದಲ್ಲೂ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೈಲರ್ ಗಾಡಿಯ ಮೇಲೆ ಒಂದು ಸಣ್ಣ ದೋಣಿ ಕುಳಿತಿರುತ್ತದೆ. ನಮ್ಮ ಅಂಗಳದಲ್ಲಿಯೂ ಹದಿನೇಳು ಅಡಿಯ ಫೈಬರ್‌ಗ್ಲಾಸ್ ದೋಣಿಯೊಂದಿದೆ. ಮೀನು ಹಿಡಿಯುವುದು ನಮ್ಮ ಮನೆತನದ ರೂಢಿಯಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗಿ ಸಂಜೆಗೆ ಮರಳುವುದಷ್ಟೇ ನಮ್ಮ ಸಂತೋಷ. ಅದೂ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳಿದ ಏಳು ತಿಂಗಳು ದೋಣಿಗೆ ವಿಶ್ರಾಂತಿ. ಆ ವಿಶ್ರಾಂತಿಯ ಕಾಲದಲ್ಲಿಯೇ ಅದರ ಆಯುಷ್ಯ ನಿರ್ಧಾರವಾಗುತ್ತದೆ.

ಇಲ್ಲಿಯ ಮಳೆಯ ಸ್ವಭಾವವನ್ನು ಮೊದಲು ಹೇಳಬೇಕು. ಸಿಯಾಟಲ್ ಎಂದರೆ ಮಳೆಯ ಊರು ಎಂದು ಲೋಕವೆಲ್ಲ ಹೇಳುತ್ತದೆ. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1000 ಮಿಲಿಮೀಟರ್ ಮಾತ್ರ. ನಮ್ಮ ಮಂಗಳೂರಿನಲ್ಲಿ 3500 ಮಿಲಿಮೀಟರ್‌ಗೂ ಮೇಲೆ, ಆಗುಂಬೆಯಲ್ಲಿ 7000ಕ್ಕೂ ಮೇಲೆ ಮಳೆ ಸುರಿಯುತ್ತದೆ. ಅಂದ ಮೇಲೆ ಇಲ್ಲಿಯ ಥಂಡಿಗೆ ಇಷ್ಟು ಹೆಸರೇಕೆ? ನಮ್ಮ ಕರಾವಳಿಯ ಮಳೆ ಅಬ್ಬರಿಸಿ ಸುರಿದು ಹೋಗುತ್ತದೆ. ಹೊಳವಾದ ಮರುದಿನವೇ ಬಿಸಿಲು ಬಂದು ಅಂಗಳ ಒಣಗುತ್ತದೆ. ಇಲ್ಲಿಯ ಮಳೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತುಂತುರಾಗಿ, ಜಡಿಯಾಗಿ ಹಿಡಿದುಕೊಂಡಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಹಗಲು ಎಂಟೂವರೆ ಗಂಟೆಗೂ ಕಡಿಮೆ. ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಸುಮಾರು 19 ಡಿಗ್ರಿಯಷ್ಟೇ ಮೇಲೇರುತ್ತಾನೆ, ಅದೂ ಮೋಡದ ಮರೆಯಲ್ಲಿ. ಹೀಗಾಗಿ ಒಮ್ಮೆ ನೆನೆದದ್ದು ವಾರವಾದರೂ ಆರುವುದಿಲ್ಲ. ಹೊರಗಿಟ್ಟ ಕುರ್ಚಿಯ ಕಾಲಿಗೂ ಹಾವಸೆ ಬೆಳೆಯುತ್ತದೆ. ಬೀಳುವ ನೀರಿಗಿಂತ ಆರದ ನೀರೇ ಇಲ್ಲಿಯ ನಿಜವಾದ ಶತ್ರು.

ಈ ಶತ್ರುವಿನ ಪರಿಚಯ ನಮಗಾದದ್ದು ನೆರೆಮನೆಯ ಹಿರಿಯರೊಬ್ಬರಿಂದ. ಹಡಗು ಕಟ್ಟುವ ಕಟ್ಟೆಯಲ್ಲಿ ನಲವತ್ತು ವರ್ಷ ಬಡಗಿಯಾಗಿ ದುಡಿದವರು ಅವರು. ನಮ್ಮ ಮಕ್ಕಳು ಅವರನ್ನು ‘ಅಜ್ಜ’ ಎಂದು ಕರೆಯುತ್ತಲೇ ಬೆಳೆದರು. ಅವರೂ ಆ ಹೆಸರಿಗೆ ಒಗ್ಗಿಕೊಂಡರು. ನಾವು ದೋಣಿ ಕೊಳ್ಳಬೇಕೆಂದು ಯೋಚಿಸಿದ ವರ್ಷ, ಕಡಿಮೆ ಬೆಲೆಗೆ ಮಾರಾಟಕ್ಕಿದ್ದ ಒಂದು ಹಳೆಯ ದೋಣಿಯನ್ನು ನೋಡಲು ಅಜ್ಜನನ್ನೂ ಕರೆದುಕೊಂಡು ಹೋಗಿದ್ದೆವು. ನೋಟಕ್ಕೆ ಅದು ಹೊಸದರಂತೆಯೇ ಹೊಳೆಯುತ್ತಿತ್ತು. ಮಕ್ಕಳಿಬ್ಬರೂ ಆಗಲೇ ಅದರೊಳಗೆ ಹತ್ತಿ ಕುಳಿತು ತಮ್ಮ ತಮ್ಮ ಜಾಗ ಹಂಚಿಕೊಂಡಿದ್ದರು. ಮಾಲೀಕರು ಅಭಿಮಾನದಿಂದ, ‘ಐದು ಚಳಿಗಾಲ ಇದಕ್ಕೆ ಒಂದು ಹನಿ ಮಳೆ ತಾಗಲು ಬಿಟ್ಟಿಲ್ಲ, ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ನೆಲದವರೆಗೂ ಬಿಗಿಯಾಗಿ ಸುತ್ತಿಟ್ಟಿದ್ದೆ’ ಎಂದರು.

ಆ ಮಾತು ಕೇಳಿದೊಡನೆ ಅಜ್ಜ ಕಿಸೆಯಿಂದ ಒಂದು ಸಣ್ಣ ಕೊಡತಿಯನ್ನು ತೆಗೆದರು. ದೋಣಿಯ ಹಿಂಬದಿಯಲ್ಲಿ ಯಂತ್ರವನ್ನು ಹೊರುವ ಅಡ್ಡ ಗೋಡೆಯೊಂದಿರುತ್ತದೆ. ಹೊರಗೆ ಫೈಬರ್‌ಗ್ಲಾಸ್, ಒಳಗೆ ದಪ್ಪ ಪ್ಲೈವುಡ್ ಹಲಗೆ. ಅದರ ಮೇಲ್ಭಾಗದಲ್ಲಿ ಕೊಡತಿ ತಟ್ಟಿದಾಗ ಗಟ್ಟಿಯಾದ ಸದ್ದು ಬಂದಿತು. ಕೆಳಗೆ ಬಂದಂತೆ ಸದ್ದು ಮಂಕಾಯಿತು. ಹದವಾದ ತೆಂಗಿನಕಾಯಿಗೂ ಕೊಳೆತ ಕಾಯಿಗೂ ಇರುವ ವ್ಯತ್ಯಾಸದಂತೆ. ಮಾಲೀಕರ ಒಪ್ಪಿಗೆ ಪಡೆದು ಅಜ್ಜ ಕೆಳಭಾಗದ ಒಂದು ತಿರುಪು ಮೊಳೆಯನ್ನು ಬಿಚ್ಚಿದರು. ಆ ರಂಧ್ರದಿಂದ ಚಹಾದ ಬಣ್ಣದ ನೀರು ತೊಟ್ಟಿಕ್ಕಿತು. ಮೊಳೆಯ ಸುತ್ತಿಗೆ ಅಂಟಿ ಬಂದ ಮರ ನೆನೆದ ತೆಂಗಿನ ನಾರಿನಂತಿತ್ತು. ಮಾಲೀಕರಿಗೂ ಅದು ಅಂದೇ ತಿಳಿದದ್ದು. ಪಾಪ, ಅವರ ಮುಖ ಬಾಡಿತು. ಅಜ್ಜ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕೆಳಗಿಳಿಸಿದರು. ನಾವು ಬರಿಗೈಯಲ್ಲಿ ಮರಳಿದೆವು.

ದಾರಿಯಲ್ಲಿ ಅಜ್ಜ ವಿವರಿಸಿದ ಸಂಗತಿಯನ್ನು ನಾನು ಎಂದಿಗೂ ಮರೆಯಲಾರೆ. ಅರವತ್ತು ಅಶ್ವಶಕ್ತಿಯ ಯಂತ್ರದ ತೂಕ ನೂರು ಕಿಲೋಗ್ರಾಂಗೂ ಹೆಚ್ಚು. ದೋಣಿಯನ್ನು ಮುಂದಕ್ಕೆ ನೂಕುವ ಬಲವೆಲ್ಲ ಆ ಒಂದು ಹಲಗೆಯ ಮೇಲೆಯೇ ಬೀಳುತ್ತದೆ. ಅಲೆಯ ಹೊಡೆತಕ್ಕೆ ಅದು ಬಿರಿದರೆ ಯಂತ್ರವೂ ಹೋಗುತ್ತದೆ, ಹಿಂಬದಿಯಿಂದ ನೀರೂ ನುಗ್ಗುತ್ತದೆ. ಪ್ಯೂಜೆಟ್ ಸೌಂಡಿನ ನೀರು ನಮ್ಮ ಹೊಳೆಯ ನೀರಿನಂತಲ್ಲ. ನಡುಬೇಸಿಗೆಯಲ್ಲೂ ಬಹುತೇಕ ಕಡೆ ಅದರ ಉಷ್ಣತೆ 10ರಿಂದ 14 ಡಿಗ್ರಿ ಸೆಲ್ಸಿಯಸ್ ಮಾತ್ರ. ಅಂಥ ನೀರಿಗೆ ಬಿದ್ದವನಿಗೆ ಮೊದಲ ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೈಬೆರಳುಗಳು ಹಗ್ಗ ಹಿಡಿಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತವೆ. ಈಜು ಬಲ್ಲವನೂ ಅಲ್ಲಿ ಸೋಲುತ್ತಾನೆ. ಹತ್ತೊಂಬತ್ತು ಅಡಿಗಿಂತ ಚಿಕ್ಕ ದೋಣಿ ಚಲಿಸುತ್ತಿರುವಾಗ ಹನ್ನೆರಡು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು ಜೀವರಕ್ಷಕ ಅಂಗಿಯನ್ನು ತೊಟ್ಟಿರಲೇಬೇಕೆಂದು ಈ ರಾಜ್ಯದ ಕಾನೂನು ವಿಧಿಸಿರುವುದು ಇದೇ ಕಾರಣಕ್ಕೆ. ‘ಜುಲೈ ತಿಂಗಳ ಅಪಘಾತವನ್ನು ಜನ ನವೆಂಬರ್‌ನಲ್ಲಿಯೇ ಬಿತ್ತಿರುತ್ತಾರೆ’ ಎಂದರು ಅಜ್ಜ.

ಒಂದು ಹನಿ ಮಳೆಯೂ ತಾಗದ ದೋಣಿ ಒಳಗಿನಿಂದ ಕೊಳೆತದ್ದು ಹೇಗೆ? ಇದು ವಿಚಾರ ಮಾಡತಕ್ಕ ಪ್ರಶ್ನೆ. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹೊರಬಲ್ಲದು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳುತ್ತದೆ. 5 ಡಿಗ್ರಿಗೆ ತಣಿದರೆ 7 ಗ್ರಾಂ ಮಾತ್ರ. ಬಿಗಿದ ಹೊದಿಕೆಯ ಕೆಳಗೆ ಹಗಲಿನಲ್ಲಿ ಸ್ವಲ್ಪ ಬೆಚ್ಚಗಾದ ಗಾಳಿಯು ನೆನೆದ ಚಾಪೆ, ಹಗ್ಗ, ದಿಂಬುಗಳಿಂದ ತೇವವನ್ನು ಹೀರುತ್ತದೆ. ರಾತ್ರಿ ತಾಡಪತ್ರಿ ತಣ್ಣಗಾದೊಡನೆ ಆ ತೇವ ಅದರ ಒಳಮೈಗೆ ಇಬ್ಬನಿಯಾಗಿ ಕಟ್ಟಿ, ತೊಟ್ಟು ತೊಟ್ಟಾಗಿ ಮತ್ತೆ ದೋಣಿಗೇ ಬೀಳುತ್ತದೆ. ಹೊರಗೆ ಮಳೆ ನಿಂತರೂ ಒಳಗಿನ ಮಳೆ ನಿಲ್ಲುವುದಿಲ್ಲ. ಆ ನೀರು ತಿರುಪು ಮೊಳೆಗಳ ಸಂದಿನಿಂದ ಹಲಗೆಯೊಳಗೆ ಇಳಿಯುತ್ತದೆ.

ಮರದ ತೂಕದಲ್ಲಿ ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಮರ ತಿನ್ನುವ ಶಿಲೀಂಧ್ರ ಬೆಳೆಯಲಾರದು. ಅದನ್ನು ಮೀರಿ ತೇವ ನಿಂತರೆ ಅದಕ್ಕೆ ಹಬ್ಬ. ಕಟುವಾದ ಚಳಿಯಲ್ಲಿ ಈ ಶಿಲೀಂಧ್ರವೂ ಮಲಗಿಬಿಡುತ್ತದೆ. ಮಿನ್ನೆಸೋಟಾದಂಥ ಹಿಮದ ನಾಡಿನಲ್ಲಿ ಚಳಿಗಾಲವು ಯಂತ್ರವನ್ನು ಒಡೆಯುತ್ತದೆಯೇ ಹೊರತು ಮರವನ್ನು ಅಷ್ಟಾಗಿ ಕೊಳೆಸುವುದಿಲ್ಲ. ನಮ್ಮ ಈ ಹಸಿ ನಾಡಿನಲ್ಲಿ ಚಳಿ ಮೃದು. ಶರತ್ಕಾಲವೂ ವಸಂತವೂ ದೀರ್ಘ. ಆದ್ದರಿಂದ ಕೊಳೆಯುವಿಕೆಗೆ ಬಿಡುವೇ ಕಡಿಮೆ. ಇನ್ನೊಂದು ಸೋಜಿಗವೆಂದರೆ, ಮರವನ್ನು ಕೊಳೆಸುವುದು ಕಡಲ ನೀರಲ್ಲ, ಮಳೆಯ ಸಿಹಿನೀರು. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ಹಿಂದೆ ಮರದ ಹಡಗುಗಳನ್ನು ಕಟ್ಟುವವರು ಚೌಕಟ್ಟಿನ ಸಂದುಗಳಲ್ಲಿ ಉಪ್ಪನ್ನು ತುಂಬುತ್ತಿದ್ದರೆಂದು ಅಜ್ಜ ಹೇಳುತ್ತಾರೆ. ಉಪ್ಪಿನಕಾಯಿ ಹಾಕುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವ್ವ ನಮ್ಮಲ್ಲಿಗೆ ಬಂದು ಕೆಲವು ತಿಂಗಳಿದ್ದಾಗ ಈ ವಿಷಯಕ್ಕೆ ಹೊಸ ಬೆಳಕು ದೊರೆಯಿತು. ನಾನೂ ಅಜ್ಜನೂ ಹೊದಿಕೆಯ ಎರಡೂ ತುದಿಗಳಲ್ಲಿ ಗಾಳಿಗೆಂದು ಕಿಂಡಿ ಬಿಡುತ್ತಿದ್ದುದನ್ನು ನೋಡಿ ಅವರು, ‘ನಮ್ಮ ಹಗೇವಿಗೆ ಇರಿವಿ ಹೋಗೂವಷ್ಟು ಸಂದೂ ಬಿಡ್ತಿದ್ದಿಲ್ಲಲ್ಲೋ ತಮ್ಮಾ’ ಎಂದರು. ಮಾತು ನಿಜವೇ. ನಮ್ಮ ಊರಿನಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಪ್ರಾಣವಾಯು ತೀರಿಹೋಗಿ ಹುಳುಗಳು ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತ ಪ್ರಸಂಗಗಳೂ ಉಂಟು. ಅದಕ್ಕಾಗಿಯೇ ಬಾಯಿ ತೆರೆದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡಿ ಆಮೇಲೆ ಇಳಿಯುತ್ತಿದ್ದರು. ಅಷ್ಟು ಭದ್ರವಾಗಿ ಮುಚ್ಚಿದ ಜೋಳ ವರ್ಷಗಟ್ಟಲೆ ಕೆಡದಿರುವಾಗ ದೋಣಿಗೇಕೆ ಕಿಂಡಿ?

ಅವ್ವನೇ ಸ್ವಲ್ಪ ಹೊತ್ತು ಸುಮ್ಮನಿದ್ದು, ದೋಣಿಯೊಳಗಿನ ಚಾಪೆಯನ್ನು ಮುಟ್ಟಿ ನೋಡಿ, ಉತ್ತರವನ್ನೂ ತಾವೇ ಹೇಳಿದರು. ‘ಹಗೇವಿಗೆ ಹಾಕೂ ಜ್ವಾಳಾನ ಹಲ್ಲಾಗ ಕಡದರ ಕಟಕ್ ಅನ್ನೂ ಹಂಗ ಒಣಗಿಸ್ತಿದ್ವಿ. ಇದು ಇನ್ನೂ ಹಸೀನ ಐತಿ. ಒಣಗಿದ್ದನ್ನ ಮುಚ್ಚಿಡಬೇಕು, ಹಸೀದನ್ನ ಬಿಚ್ಚಿಡಬೇಕು. ಹಸೀದನ್ನ ಕಟ್ಟಿಟ್ರ ಮುಗ್ಗತೈತಿ.’ ಅಜ್ಜನಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ತಮ್ಮ ಟೋಪಿಯನ್ನು ತೆಗೆದು ಅವ್ವನಿಗೆ ತಲೆಬಾಗಿದರು. ಭಾಷೆ ಬಾರದ ಇಬ್ಬರು ಹಿರಿಯರು ಒಂದೇ ಸತ್ಯವನ್ನು ಬೇರೆ ಬೇರೆ ದಾರಿಯಿಂದ ತಲುಪಿದ್ದರು.

ಈ ಸೂತ್ರವನ್ನು ಹಿಡಿದು ಪ್ರತಿ ಅಕ್ಟೋಬರ್‌ನಲ್ಲಿ ನಾವು ಮಾಡುವ ಕೆಲಸಗಳನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ಮೊದಲನೆಯದು ತೊಳೆಯುವುದು. ಉಪ್ಪು ಮರಕ್ಕೆ ಮಿತ್ರನಾದರೂ ಲೋಹಕ್ಕೆ ವೈರಿ. ಮೇಲಾಗಿ ಅದು ಗಾಳಿಯ ತೇವವನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಉಪ್ಪು ಉಳಿದ ದಿಂಬು ಎಂದಿಗೂ ಒಣಗುವುದಿಲ್ಲ. ಆದ್ದರಿಂದ ದೋಣಿಯನ್ನೂ ಗಾಡಿಯನ್ನೂ ಸಿಹಿನೀರಿನಿಂದ ತೊಳೆದು, ಬಿಸಿಲಿರುವ ಕೊನೆಯ ದಿನಗಳಲ್ಲಿ ಎಲ್ಲ ಮುಚ್ಚಳಗಳನ್ನೂ ತೆರೆದು ಒಣಗಲು ಬಿಡುತ್ತೇವೆ. ದಿಂಬು, ಹಗ್ಗ, ಜೀವರಕ್ಷಕ ಅಂಗಿಗಳು ಮನೆಯೊಳಗೆ ಸೇರುತ್ತವೆ. ಸಂಕಟದಲ್ಲಿ ಉರಿಸುವ ಕೈಪಂಜುಗಳ ಮೇಲಿನ ದಿನಾಂಕವನ್ನು ಆಗಲೇ ನೋಡುತ್ತೇವೆ. ತಯಾರಾದ ತಿಂಗಳಿಂದ 42 ತಿಂಗಳು ಮಾತ್ರ ಅವಕ್ಕೆ ಮಾನ್ಯತೆ.

ಎರಡನೆಯದು ಯಂತ್ರ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಒಳಗೆ ಸಿಕ್ಕಿಕೊಂಡ ನೀರು ಲೋಹವನ್ನೂ ಸೀಳುತ್ತದೆ. ಇಲ್ಲಿ ಅಂಥ ರಾತ್ರಿಗಳು ವರ್ಷಕ್ಕೆ ಕೆಲವೇ ಆದರೂ ಒಂದೇ ರಾತ್ರಿ ಸಾಕು. ಯಂತ್ರಕ್ಕೆ ಸಿಹಿನೀರು ಹಾಯಿಸಿ ಹತ್ತು ನಿಮಿಷ ನಡೆಸಿ, ಅನಂತರ ಅದನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ತಾನಾಗಿ ಬಸಿದುಹೋಗುತ್ತದೆ. ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ವಸಂತಕ್ಕೆ ಮುಂದೂಡದೆ ಆಗಲೇ ಬದಲಿಸಬೇಕು. ಬಿಚ್ಚಿದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಒಳಸೇರಿದೆ ಎಂದೇ ಅರ್ಥ. ಇಂಧನದ ವಿಚಾರದಲ್ಲಿಯೂ ಎಚ್ಚರ ಬೇಕು. ಇಲ್ಲಿಯ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿದು ಬೇರೆಯಾಗುತ್ತವೆ. ಕೆಡದಂತೆ ಕಾಯುವ ದ್ರವವನ್ನು ಟ್ಯಾಂಕಿಗೆ ಬೆರೆಸಿ, ಅದು ಯಂತ್ರದ ಒಳಗಿನವರೆಗೂ ತಲುಪುವಂತೆ ನಡೆಸಿ ನಿಲ್ಲಿಸುತ್ತೇವೆ. ನಮ್ಮ ದೇಶದಲ್ಲಿಯೂ ಎಥನಾಲ್ ಬೆರೆತ ಪೆಟ್ರೋಲ್ ಬಂದಿರುವುದರಿಂದ, ತಿಂಗಳುಗಟ್ಟಲೆ ನಿಲ್ಲಿಸುವ ಪೆಟ್ರೋಲ್ ಪಂಪ್‌ಸೆಟ್ಟು, ಸ್ಕೂಟರುಗಳ ವಿಷಯದಲ್ಲಿಯೂ ಇದು ಗಮನಿಸತಕ್ಕದ್ದು. ಬ್ಯಾಟರಿಯನ್ನು ಕಳಚಿ, ಪೂರ್ಣ ಚಾರ್ಜ್ ಮಾಡಿ ಒಳಗಿಡುತ್ತೇವೆ. ತುಂಬಿದ ಬ್ಯಾಟರಿ ಇಲ್ಲಿಯ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು ಶೂನ್ಯಕ್ಕೆ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯಬಲ್ಲದು.

ಮೂರನೆಯದು ಟ್ರೈಲರ್ ಗಾಡಿ. ಜನ ದೋಣಿಯನ್ನು ನೋಡುತ್ತಾರೆ, ಗಾಡಿಯನ್ನು ಮರೆಯುತ್ತಾರೆ. ದೋಣಿಯನ್ನು ನೀರಿಗಿಳಿಸುವಾಗ ಗಾಡಿಯ ಗಾಲಿಗಳೂ ಮುಳುಗುತ್ತವೆ. ದಾರಿಯುದ್ದಕ್ಕೂ ಉರುಳಿ ಬಿಸಿಯಾದ ಗಾಲಿಯ ನಡುಭಾಗ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ನೀರು ಚಳಿಗಾಲವಿಡೀ ಅಲ್ಲಿ ನಿಂತರೆ ಬೇರಿಂಗ್ ತುಕ್ಕು ಹಿಡಿದು, ಬೇಸಿಗೆಯ ಮೊದಲ ಪ್ರಯಾಣದಲ್ಲಿಯೇ ಹೆದ್ದಾರಿಯಲ್ಲಿ ಗಾಲಿ ಕಳಚಬಹುದು. ಅದಕ್ಕಾಗಿ ಬೇರಿಂಗುಗಳನ್ನು ಬಿಚ್ಚಿ, ಒರೆಸಿ, ಹೊಸ ಗ್ರೀಸ್ ತುಂಬುವ ಕೆಲಸವನ್ನು ಚಳಿಗಾಲಕ್ಕೆ ಮೊದಲೇ ಮುಗಿಸುತ್ತೇವೆ. ಗಾಲಿಗಳ ಹಿಂದೆ ಮುಂದೆ ಮರದ ಅಡ್ಡಕಟ್ಟೆ ಕೊಟ್ಟು, ಗಾಡಿಯ ಮೂತಿಯನ್ನು ಎತ್ತರಿಸಿ ನಿಲ್ಲಿಸುತ್ತೇವೆ. ದೋಣಿಯ ಹಿಂಭಾಗ ತಗ್ಗಾದಾಗ ತಳದ ನೀರೆಲ್ಲ ಅಲ್ಲಿಯ ರಂಧ್ರದಿಂದ ಹರಿದುಹೋಗುತ್ತದೆ. ಆ ರಂಧ್ರದ ಬಿರಡೆಯನ್ನು ತೆಗೆದು ದೋಣಿಯ ಕೀಲಿಕೈಗೇ ಕಟ್ಟಿಬಿಡುತ್ತೇವೆ. ಬಿರಡೆಯಿಲ್ಲದೆ ನೀರಿಗಿಳಿಸಿದ ದೋಣಿ ಕಣ್ಣೆದುರೇ ತುಂಬತೊಡಗುತ್ತದೆ. ಕೀಲಿ ಹಿಡಿದ ಕೈಗೆ ಬಿರಡೆಯೂ ಸಿಕ್ಕರೆ ಮರೆಯುವ ಸಂಭವವೇ ಇಲ್ಲ.

ಕೊನೆಯದು ಹೊದಿಕೆ. ಇದರಲ್ಲಿಯೇ ಎಲ್ಲ ಜಾಣ್ಮೆಯಿದೆ. ಮೂತಿಯಿಂದ ಹಿಂಬದಿಯವರೆಗೆ ನಡುವೆ ಒಂದು ಎತ್ತರದ ಗಳುವನ್ನು ನಿಲ್ಲಿಸಿ, ಅದರ ಮೇಲೆ ಗುಡಿಸಲಿನ ಚಾವಣಿಯಂತೆ ಎರಡೂ ಕಡೆ ಇಳಿಜಾರಾಗಿ ದಪ್ಪ ಕ್ಯಾನ್‌ವಾಸ್ ಬಟ್ಟೆಯನ್ನು ಹೊದಿಸುತ್ತೇವೆ. ಬಟ್ಟೆ ದೋಣಿಯ ಅಂಚಿಗಿಂತ ಕೆಳಗೆ ಇಳಿಯಬೇಕು, ಆದರೆ ಮೈಗೆ ಅಂಟಬಾರದು. ಮುಂದೆ ಹಿಂದೆ ಗಾಳಿ ಹಾದುಹೋಗಲು ದಾರಿಯಿರಬೇಕು. ಇಳಿಜಾರು ಕಡಿಮೆಯಾದರೆ ಬಟ್ಟೆ ಜೋತುಬಿದ್ದು ನೀರು ನಿಲ್ಲುತ್ತದೆ. ಎರಡು ಚದರ ಮೀಟರ್ ಜಾಗದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೂ ಅದರ ತೂಕ 200 ಕಿಲೋ! ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಮುಚ್ಚಿದ ಸಣ್ಣ ಗೂಡಿನೊಳಗೆ ಅವು ಉಪಯುಕ್ತ; ಗಾಳಿಯಾಡುವ ಹೊದಿಕೆಯ ಕೆಳಗೆ ಅವನ್ನಿಟ್ಟು ಊರಿನ ಗಾಳಿಯನ್ನೆಲ್ಲ ಒಣಗಿಸಲು ಸಾಧ್ಯವಿಲ್ಲ. ಬಟ್ಟೆಯ ಕೆಳಗೆ ವಿದ್ಯುತ್ ಹೀಟರ್ ಹಚ್ಚಿಡುವುದಂತೂ ಬೆಂಕಿಯನ್ನು ಆಹ್ವಾನಿಸಿದಂತೆ.

ಹೊದಿಸಿ ಬಿಟ್ಟರೆ ಕೆಲಸ ಮುಗಿಯಿತೆಂದಲ್ಲ. ವಾರಕ್ಕೊಮ್ಮೆ, ಬಿರುಗಾಳಿ ಬೀಸಿದ ಮರುದಿನ ತಪ್ಪದೆ, ಯಾರಾದರೊಬ್ಬರು ಒಂದು ಸುತ್ತು ಹಾಕುತ್ತೇವೆ. ಸಡಿಲಾದ ಹಗ್ಗವನ್ನು ಬಿಗಿಯುವುದು, ಬಿದ್ದ ಎಲೆಗಳನ್ನು ಗುಡಿಸುವುದು, ತಳದ ರಂಧ್ರಕ್ಕೆ ಕಸ ಕಟ್ಟಿಲ್ಲವೆಂದು ಕಡ್ಡಿಯಾಡಿಸಿ ನೋಡುವುದು, ಒಳಗೆ ಕೈಯಿಟ್ಟು ಮೂಸಿ ನೋಡುವುದು. ಹೌದು, ಮೂಗೇ ಇಲ್ಲಿ ಒಳ್ಳೆಯ ಸಾಧನ. ಮುಗ್ಗಲು ವಾಸನೆ ಬಂದರೆ ಗಾಳಿ ಸಾಲದೆಂದು ತಿಳಿಯಬೇಕು. ಐದು ನಿಮಿಷದ ಈ ಕೆಲಸಕ್ಕೆ ಹಣ ಬೇಕಿಲ್ಲ, ಬಲವೂ ಬೇಕಿಲ್ಲ. ನೆನಪು ಮಾತ್ರ ಬೇಕು.

ಒಂದೇ ನಿಯಮ ಎಲ್ಲ ದೋಣಿಗಳಿಗೂ ಅನ್ವಯಿಸುತ್ತದೆಂದು ಯಾರೂ ಭಾವಿಸಬಾರದು. ಈ ಕಡಲಿನ ಮೂಲ ನಿವಾಸಿಗಳಾದ ಸೇಲಿಶ್ ಜನರು ಕೆಂಪು ದೇವದಾರುವಿನ ಜಾತಿಯ ಮರದ ದಿಮ್ಮಿಯನ್ನು ಕೊರೆದು ದೋಣಿ ಮಾಡುತ್ತಿದ್ದರು. ಆ ಮರದಲ್ಲಿಯೇ ಕೊಳೆಯನ್ನು ತಡೆಯುವ ಗುಣವಿದೆ. ಅದಕ್ಕೆ ಬಿಸಿಲಿನಲ್ಲಿ ಸೀಳುವ ಭಯವೇ ಹೆಚ್ಚು. ಆದ್ದರಿಂದ ಅವರು ದೋಣಿಯನ್ನು ಚಾಪೆಗಳಿಂದ ಮುಚ್ಚಿ ನೀರು ಚಿಮುಕಿಸುತ್ತಿದ್ದರು. ನಮ್ಮ ತುಂಗಭದ್ರೆಯ ಹರಿಗೋಲಿನ ಅಂಬಿಗರು ಬುಟ್ಟಿಯಂಥ ತಮ್ಮ ದೋಣಿಯನ್ನು ದಡದಲ್ಲಿ ಬೋರಲು ಹಾಕುತ್ತಾರೆ. ನೀರು ನಿಲ್ಲುವ ಪ್ರಶ್ನೆಯೇ ಇಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್‌ನು ಈ ದುಂಡನೆಯ, ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮಲ್ಪೆ, ಮಂಗಳೂರುಗಳ ಬಂದರುಗಳಲ್ಲಿ ದೋಣಿಗಳು ವಿಶ್ರಮಿಸುತ್ತವೆ. ಬಲೆ ಹೆಣೆಯುವ, ಮರಮಟ್ಟು ಸರಿಪಡಿಸುವ ಕೆಲಸಗಳು ಆ ಬಿಡುವಿನಲ್ಲಿಯೇ ನಡೆಯುತ್ತವೆ. ತನ್ನ ನಾಡಿನ ಗಾಳಿ, ನೀರು, ಮರಗಳ ಗುಣವನ್ನರಿತು ನಡೆಯುವವನೇ ಜಾಣ. ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿಯನ್ನೇ ಕಾಯಕವಾಗಿ ನಂಬಿದ್ದವರು. ಹೊಳೆ ದಾಟಿಸುವ ಕಾಯಕದಲ್ಲಿ ಹುಟ್ಟು ಹಾಕುವುದು ಎಷ್ಟು ಮುಖ್ಯವೋ, ದಡದಲ್ಲಿ ದೋಣಿಯನ್ನು ನೋಡಿಕೊಳ್ಳುವುದೂ ಅಷ್ಟೇ ಮುಖ್ಯವಲ್ಲವೇ?

ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಏಣಿ ಹತ್ತಲಾರರು. ಅಕ್ಟೋಬರ್‌ನ ಆ ಎರಡು ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನೋಡುತ್ತಾರೆ. ಅವರ ಕೊಡತಿ ಈಗ ನಮ್ಮ ಮಗಳ ಕೈಯಲ್ಲಿದೆ. ಹಿಂಬದಿಯ ಹಲಗೆಯ ಉದ್ದಗಲಕ್ಕೂ ಅವಳು ತಟ್ಟುತ್ತಾಳೆ. ಅವರು ಕಣ್ಣು ಮುಚ್ಚಿ ಆಲಿಸುತ್ತಾರೆ. ಸದ್ದು ಎಲ್ಲ ಕಡೆಯೂ ಗಟ್ಟಿಯಾಗಿದ್ದರೆ ತಲೆಯಾಡಿಸುತ್ತಾರೆ.

ಇಲ್ಲಿ ಹದಿನೈದು ಅಶ್ವಶಕ್ತಿ ಮತ್ತು ಅದಕ್ಕೆ ಮೇಲ್ಪಟ್ಟ ಯಂತ್ರದ ದೋಣಿಯನ್ನು ನಡೆಸಬೇಕಾದರೆ ಪಾಠ ಓದಿ, ಪರೀಕ್ಷೆ ಕೊಟ್ಟು ಕಾರ್ಡ್ ಪಡೆಯಬೇಕು. ಅದನ್ನು ಪಡೆದ ಮಗಳು ಕಳೆದ ಬೇಸಿಗೆಯಲ್ಲಿ ಮೊದಲ ಬಾರಿ ಒಬ್ಬಳೇ ದೋಣಿಯನ್ನು ನಡೆಸಿಕೊಂಡು ಎದುರಿನ ದ್ವೀಪದವರೆಗೆ ಹೋಗಿ ಬಂದಳು. ನಾನೂ ನನ್ನ ಪತ್ನಿಯೂ ದಡದಲ್ಲಿ ನಿಂತಿದ್ದೆವು. ದೋಣಿ ಚಿಕ್ಕದಾಗುತ್ತಾ ಬಿಳಿಯ ಚುಕ್ಕೆಯಾಯಿತು. ತಣ್ಣನೆಯ ಆ ನೀರಿನ ಮೇಲೆ ನಮ್ಮ ಮಗುವನ್ನು ಹೊತ್ತಿದ್ದ ಹಲಗೆ ಒಳಗೂ ಗಟ್ಟಿಯಾಗಿದೆ ಎಂಬ ಅರಿವೊಂದೇ ಆ ಒಂದು ಗಂಟೆ ನಮಗೆ ಆಧಾರವಾಗಿತ್ತು. ಜೀವರಕ್ಷಕ ಅಂಗಿಯನ್ನು ಅವಳು ತೊಟ್ಟಿದ್ದಳು, ಹವಾಮಾನವೂ ಶಾಂತವಾಗಿತ್ತು. ಆದರೂ ಹೆತ್ತವರ ಮನಸ್ಸಿಗೆ ಬೇಕಾದ ಭರವಸೆ ಹಿಂದಿನ ಏಳು ತಿಂಗಳ ಸಣ್ಣಪುಟ್ಟ ಕೆಲಸಗಳಿಂದ ಬಂದಿತ್ತು.

ನಮ್ಮ ಮನೆಗಳಲ್ಲಿ ದೋಣಿಯಿರಲಿಕ್ಕಿಲ್ಲ. ಆದರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಪಂಪ್‌ಸೆಟ್ಟು, ಕಪಾಟಿನಲ್ಲಿ ಒತ್ತಿ ತುಂಬಿದ ರೇಷ್ಮೆ ಸೀರೆ, ಪೆಟ್ಟಿಗೆಯ ತಳದಲ್ಲಿರುವ ಹಿರಿಯರ ಓಲೆಗರಿ, ಹಳೆಯ ಪುಸ್ತಕಗಳು ಇದ್ದೇ ಇರುತ್ತವೆ. ಭದ್ರವಾಗಿ ಮುಚ್ಚಿಟ್ಟಿದ್ದೇವೆಂದು ನೆಮ್ಮದಿಯಿಂದಿರುವ ಮುನ್ನ ಒಣಗಿದೆಯೇ ಎಂದು ಮುಟ್ಟಿ ನೋಡೋಣ. ಹಸಿಯಿದ್ದರೆ ತೆರೆದು ಗಾಳಿಗೆ ಹಿಡಿಯೋಣ. ಆರಿದ ಮೇಲೆ ಮುಚ್ಚಿದರೆ ಸಾಕು. ಮುಂದಿನದನ್ನು ಕಾಲವೇ ಕಾಯುತ್ತದೆ.